391 ಐಟಂಗಳ ಮೆನು: ಒಂದು ಕಾಲೇಜು ವೆಬ್‌ಸೈಟಿನ ರಿಪೇರಿ ಲಾಗ್

ಇದು ಪದವಿ ಕಾಲೇಜೊಂದರ ವೆಬ್‌ಸೈಟಿನ ಮುಖ್ಯ ಮೆನು ರಿಪೇರಿ ಮಾಡಿದ ಲೆಕ್ಕ. ಶುರುವಿನಲ್ಲಿ ಮೆನುವಿನಲ್ಲಿ 391 ಐಟಂ ಇದ್ದವು. ಈಗ 38. ಸೈಟ್ ವರ್ಡ್‌ಪ್ರೆಸ್‌ನಲ್ಲಿದೆ. ಶೇರ್ಡ್ ಹೋಸ್ಟಿಂಗ್ (ಹಲವು ಸೈಟ್‌ಗಳಿಗೆ ಒಂದೇ ಸರ್ವರ್), ಅದನ್ನು ನೋಡಿಕೊಳ್ಳುವ ಪರದೆ ಸಿಪ್ಯಾನೆಲ್. ಇಂಥ ಸೈಟ್ ನೋಡಿಕೊಳ್ಳುವವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಯಾರೋ ಮೇಷ್ಟ್ರು, ಇಲ್ಲವೇ ಲೈಬ್ರರಿಯನ್, ಇಲ್ಲವೇ ‘ಕಂಪ್ಯೂಟರ್ ಗೊತ್ತಲ್ಲ, ನೀನೇ ನೋಡ್ಕೋ’ ಅಂತ ಸಿಕ್ಕಿಬಿದ್ದ ನನ್ನಂಥ ಹಳೆ ವಿದ್ಯಾರ್ಥಿ. ಆದ ಕ್ರಮದಲ್ಲೇ ಬರೆಯುತ್ತೇನೆ. ದಾರಿ ತಪ್ಪಿದ ಕಡೆಯನ್ನೂ ಬಿಟ್ಟಿಲ್ಲ.

ಬಳಸಿದ ಸಾಮಾನು: ಲ್ಯಾಪ್‌ಟಾಪಿನಲ್ಲೇ ಸರ್ವರ್ ಓಡಿಸಲು ಕ್ಸ್ಯಾಂಪ್, ಡೇಟಾಬೇಸ್ ನೋಡಲು ಪಿಎಚ್‌ಪಿಮೈಅಡ್ಮಿನ್, ಶೀಟ್‌ಗೆ ಲಿಬ್ರೆ ಆಫೀಸ್, ಸರ್ವರ್‌ನಲ್ಲಿ ವರ್ಡ್‌ಪ್ರೆಸ್‌ಗೆ ಕಮಾಂಡ್ ಕೊಡಲು ಡಬ್ಲ್ಯುಪಿ ಸಿಎಲ್‌ಐ. ಹೊಸ ಪ್ಲಗಿನ್ ಒಂದೂ ಹಾಕಿಲ್ಲ.

1. ಮೆನುವಿನ ಬಾಲ ಹೋಯಿತು

ಕಾಲೇಜಿನ ಐಕ್ಯೂಎಸಿ (ಆಂತರಿಕ ಗುಣಮಟ್ಟ ಖಾತರಿ ಘಟಕ) ಸಂಯೋಜಕಿ ಆ ವರ್ಷದ ಎಕ್ಯೂಎಆರ್‌ನ (ಕಾಲೇಜುಗಳ ಮೌಲ್ಯಮಾಪನ ಮಾಡುವ ನ್ಯಾಕ್ ಸಂಸ್ಥೆಗೆ ಪ್ರತಿ ವರ್ಷ ಕೊಡುವ ಗುಣಮಟ್ಟದ ವರದಿ) 20 ಪಿಡಿಎಫ್ ಕೊಂಡಿಗಳನ್ನು ಮೆನುವಿಗೆ ಸೇರಿಸಿ ಸೇವ್ ಒತ್ತಿದ್ದರು. ಅವು ಸರಿಯಾಗಿಯೇ ಕೂತವು. ಆದರೆ ಮೆನುವಿನ ಕೊನೆಯಲ್ಲಿದ್ದ ಹತ್ತು ಐಟಂ ಇಲ್ಲ. ಆರ್‌ಟಿಐ, ರ‍್ಯಾಗಿಂಗ್ ತಡೆ ಸಮಿತಿ, ಹಳೆ ವಿದ್ಯಾರ್ಥಿಗಳ ಸಂಘ, ಎಲ್ಲಕ್ಕಿಂತ ಕೊನೆಗಿದ್ದ ‘ಸಂಪರ್ಕಿಸಿ’. ಎರರ್ ಏನೂ ಬಂದಿಲ್ಲ. ಮೆನು ಅಪ್‌ಡೇಟ್ ಆಯಿತು ಅಂತ ಸಂದೇಶ ಬೇರೆ.

ಯಾರೋ ಅಳಿಸಿದ್ದಾರೆ ಅಂತ ಸ್ಟಾಫ್ ರೂಮಿನಲ್ಲಿ ಮಾತು ಹುಟ್ಟಿತ್ತು. ಹಾಗಲ್ಲ. ಸರ್ವರ್‌ನ ಎರರ್ ಲಾಗ್ ತೆರೆದರೆ ಒಂದು ಸಾಲು ಇತ್ತು: ಇನ್‌ಪುಟ್ ವೇರಿಯಬಲ್‌ಗಳು 5000 ದಾಟಿವೆ, ಮಿತಿ ಏರಿಸಬೇಕಿದ್ದರೆ ಮ್ಯಾಕ್ಸ್ ಇನ್‌ಪುಟ್ ವಾರ್ಸ್ ಬದಲಿಸಿ.

ಪಿಎಚ್‌ಪಿ (ವರ್ಡ್‌ಪ್ರೆಸ್ ಓಡುವ ಭಾಷೆ) ಒಂದು ಫಾರಂನಿಂದ ಎಷ್ಟು ಫೀಲ್ಡ್ ತೆಗೆದುಕೊಳ್ಳಬಹುದು ಅನ್ನುವ ಮಿತಿ ಅದು. 2012ರ ಜನವರಿಯಲ್ಲಿ ಪಿಎಚ್‌ಪಿ 5.3.9ರ ಜೊತೆ ಬಂತು. ಡೀಫಾಲ್ಟ್ 1000. ನಮ್ಮ ಹೋಸ್ಟ್ 5000 ಇಟ್ಟಿತ್ತು. ಮಿತಿ ದಾಟಿದ್ದನ್ನು ಪಿಎಚ್‌ಪಿ ಸುಮ್ನೆ ಬಿಟ್ಟುಬಿಡುತ್ತದೆ. ಫಾರಂ ಕಳಿಸಿದವರಿಗೆ ಗೊತ್ತೇ ಆಗುವುದಿಲ್ಲ.

ಲೆಕ್ಕ ಹಾಕಿ ನೋಡಿದೆ. ಹಳೆ ವರ್ಡ್‌ಪ್ರೆಸ್‌ನ ಮೆನು ಪರದೆಯಲ್ಲಿ ಒಂದು ಪುಟದ ಐಟಂಗೆ 11 ಫೀಲ್ಡ್ ಹೋಗುತ್ತವೆ: ಹೆಸರು, ಟೈಟಲ್ ಆಟ್ರಿಬ್ಯೂಟ್, ಕ್ಲಾಸ್, ಎಕ್ಸ್‌ಎಫ್‌ಎನ್, ವಿವರಣೆ, ಅದರ ಹಿಂದೆ ಕಣ್ಣಿಗೆ ಕಾಣದ ಆರು. ಸ್ಕ್ರೀನ್ ಆಪ್ಷನ್ಸ್‌ನಲ್ಲಿ ಅಡಗಿಸಿದ ಫೀಲ್ಡ್ ಕೂಡ ಹೋಗುತ್ತದೆ, ಅಡಗಿಸಿದ ಮಾತ್ರಕ್ಕೆ ಕಡಿಮೆಯಾಗುವುದಿಲ್ಲ. ಕಸ್ಟಮ್ ಕೊಂಡಿಯಾದರೆ ಯುಆರ್‌ಎಲ್ ಸೇರಿ 12. ‘ಹೊಸ ಟ್ಯಾಬ್‌ನಲ್ಲಿ ತೆರೆ’ ಅಂತ ಟಿಕ್ ಹಾಕಿದ್ದರೆ 13. ನಮ್ಮಲ್ಲಿ ಹೊಸ ಟ್ಯಾಬ್‌ನ ಪಿಡಿಎಫ್ ಕೊಂಡಿಗಳೇ 270. ಅವಕ್ಕೆ 3,510. ಉಳಿದ 121 ಪುಟಗಳಿಗೆ 1,331. ಒಟ್ಟು 4,841. ಅಂದರೆ ಮೆನು ಮೊದಲೇ ಅಂಚಿನಲ್ಲಿ ನಿಂತಿತ್ತು. ಹೊಸ 20 ಸೇರಿದಾಗ ಇನ್ನೊಂದು 260. ಫಾರಂನ ಚಿಲ್ಲರೆ ಫೀಲ್ಡ್ ಬೇರೆ. ನೂರಕ್ಕೂ ಜಾಸ್ತಿ ಫೀಲ್ಡ್ ಕತ್ತರಿಸಿಹೋದವು, ಅಂದರೆ ಹತ್ತು ಐಟಂ. ತಾಳೆ ಆಯ್ತಲ್ವಾ?

ಇದಕ್ಕಿಂತ ಕೆಟ್ಟ ಭಾಗ ಮುಂದಿದೆ. ಸೇವ್ ಮಾಡುವಾಗ ವರ್ಡ್‌ಪ್ರೆಸ್ ಬಂದ ಐಟಂಗಳನ್ನು ಒಂದೊಂದಾಗಿ ಉಳಿಸುತ್ತದೆ. ಆಮೇಲೆ ಫಾರಂನಲ್ಲಿ ಬರದ ಐಟಂಗಳನ್ನು ‘ಬಳಕೆದಾರ ತೆಗೆದಿದ್ದಾರೆ’ ಎಂದುಕೊಂಡು ಅಳಿಸುತ್ತದೆ. ಪೋಸ್ಟ್, ಪುಟಗಳಿಗೆ ಅನುಪಯುಕ್ತದ ಬುಟ್ಟಿ ಇದೆ. ಮೆನು ಐಟಂಗೆ ಇಲ್ಲ. ಹೋದದ್ದು ಹೋಯಿತು.

2. ಬ್ಯಾಕಪ್

ಹೋಸ್ಟ್ ಇಟ್ಟಿದ್ದ ವಾರದ ಬ್ಯಾಕಪ್ ಸಿಕ್ಕಿತು. ಅದನ್ನು ಲ್ಯಾಪ್‌ಟಾಪಿನಲ್ಲಿ ಬಿಚ್ಚಿ, ಹತ್ತು ಐಟಂಗಳ ಹೆಸರು ಮತ್ತು ಕೊಂಡಿ ನೋಡಿಕೊಂಡು ಕೈಯಲ್ಲೇ ಮತ್ತೆ ಸೇರಿಸೋಣ ಎಂದುಕೊಂಡೆ. ಆದರೆ ಮಿತಿ ಇನ್ನೂ ಹಾಗೇ ಇದೆ. ಸೇವ್ ಒತ್ತಿದರೆ ಮತ್ತೆ ಬಾಲ ಕಡಿಯುತ್ತದೆ. ಹಾಗಾಗಿ ಮೊದಲು ಡೇಟಾಬೇಸ್ ಪೂರ್ತಿ ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡೆ. ಮೆನು ಒಂದೇ ಟೇಬಲ್‌ನಲ್ಲಿ ಇರುವುದಿಲ್ಲ, ಇದು ನೆನಪಿರಲಿ. ಐಟಂಗಳು ಪೋಸ್ಟ್ಸ್ ಟೇಬಲ್‌ನಲ್ಲಿ, ಅವುಗಳ ಕೊಂಡಿ ಮತ್ತು ತಾಯಿ ಐಟಂ (ಯಾವುದರ ಕೆಳಗೆ ಬರುತ್ತದೋ ಅದು) ವಿವರ ಪೋಸ್ಟ್‌ಮೆಟಾದಲ್ಲಿ, ಮೆನುವಿನ ಹೆಸರು ಟರ್ಮ್ಸ್ ಟೇಬಲ್‌ನಲ್ಲಿ, ಯಾವ ಐಟಂ ಯಾವ ಮೆನುವಿನದು ಅನ್ನುವುದು ಟರ್ಮ್ ರಿಲೇಷನ್‌ಶಿಪ್ಸ್‌ನಲ್ಲಿ. ಒಂದನ್ನು ಬಿಟ್ಟು ಇನ್ನೊಂದನ್ನು ವಾಪಸ್ ಹಾಕಿದರೆ ಕೆಲಸಕ್ಕೆ ಬರುವುದಿಲ್ಲ.

3. ಮಿತಿ ಏರಿಸಿದ್ದು

ಮೊದಲು ಡಬ್ಲ್ಯುಪಿ ಕಾನ್ಫಿಗ್ ಫೈಲ್‌ನಲ್ಲಿ ಐಎನ್‌ಐ ಸೆಟ್ ಫಂಕ್ಷನ್ ಬರೆದು 10000 ಕೊಟ್ಟೆ. ಏನೂ ಆಗಲಿಲ್ಲ, ಆಗುವುದೂ ಇಲ್ಲ. ಕೋಡ್ ಓಡಲು ಶುರುವಾಗುವ ಹೊತ್ತಿಗೆ ಫಾರಂ ಓದಿ ಮುಗಿದಿರುತ್ತದೆ. ಈ ಸೆಟ್ಟಿಂಗ್ ಅನ್ನು ಕೋಡ್ ಒಳಗಿಂದ ಬದಲಿಸಲು ಪಿಎಚ್‌ಪಿ ಬಿಡುವುದಿಲ್ಲ.

ಆಮೇಲೆ ವೆಬ್ ಸರ್ವರ್ ತಂತ್ರಾಂಶ ಅಪಾಚೆಗೆ ಸೂಚನೆ ಕೊಡುವ ಎಚ್‌ಟಿ ಆಕ್ಸೆಸ್ ಫೈಲ್‌ನಲ್ಲಿ ಪಿಎಚ್‌ಪಿ ವ್ಯಾಲ್ಯೂ ಸಾಲು ಹಾಕಿದೆ. ಇಡೀ ಸೈಟ್ 500 ಎರರ್. ಪಿಎಚ್‌ಪಿ ಅಪಾಚೆಯ ಮಾಡ್ಯೂಲ್ ಆಗಿ ಓಡುತ್ತಿದ್ದರೆ ಮಾತ್ರ ಆ ಸಾಲು ನಡೆಯುತ್ತದೆ. ಇಲ್ಲಿ ಅದು ಎಫ್‌ಪಿಎಂ ಆಗಿ, ಅಂದರೆ ಅಪಾಚೆಯ ಹೊರಗೆ ಬೇರೆಯಾಗಿ ಓಡುತ್ತಿತ್ತು. ಪ್ರವೇಶಾತಿ ಸಮಯ ಅದು. ಸಾಲು ತೆಗೆದು ಸೈಟ್ ಮೇಲೆ ಬರುವಷ್ಟರಲ್ಲಿ ಕಚೇರಿಗೆ ಫೋನ್ ಬಂದಾಗಿತ್ತು. ಲೈವ್ ಸೈಟಿನ ಎಚ್‌ಟಿ ಆಕ್ಸೆಸ್ ಮುಟ್ಟುವ ಮೊದಲು ಅದರ ಪ್ರತಿ ಇಟ್ಟುಕೊಳ್ಳಿ, ಇಲ್ಲವಾದರೆ ಸಿಪ್ಯಾನೆಲ್‌ನ ಫೈಲ್ ಮ್ಯಾನೇಜರ್ ತೆರೆಯುವವರೆಗೂ ಎದೆ ಢವಗುಟ್ಟುತ್ತದೆ.

ಸಿಪ್ಯಾನೆಲ್‌ನಲ್ಲಿ ಪಿಎಚ್‌ಪಿ ಸೆಟ್ಟಿಂಗ್ ಬದಲಿಸುವ ಪರದೆ ನಮ್ಮ ಪ್ಲಾನ್‌ಗೆ ಇರಲಿಲ್ಲ. ಉಳಿದದ್ದು ಯೂಸರ್ ಡಾಟ್ ಐಎನ್‌ಐ ಫೈಲ್. ಹೆಸರಿನ ಮುಂದೆ ಚುಕ್ಕಿ ಇರಬೇಕು. ಅದನ್ನು ಸೈಟಿನ ಮೂಲ ಫೋಲ್ಡರ್‌ನಲ್ಲಿಟ್ಟು ಒಂದೇ ಸಾಲು ಬರೆದೆ. ಪಿಎಚ್‌ಪಿ ಇನ್ಫೋ ಪುಟ ತೆರೆದರೆ ಇನ್ನೂ 5000. ಇದೂ ಆಗಲಿಲ್ಲ ಅಂತ ಫೈಲ್ ಅಳಿಸಿದೆ, ಮತ್ತೆ ಬೇರೆ ಥರ ಬರೆದೆ, ಮತ್ತೆ ಅಳಿಸಿದೆ. ತಪ್ಪು ಫೈಲ್‌ನದ್ದಲ್ಲ. ಪಿಎಚ್‌ಪಿ ಈ ಫೈಲನ್ನು 300 ಸೆಕೆಂಡಿಗೊಮ್ಮೆ ಮಾತ್ರ ಹೊಸದಾಗಿ ಓದುತ್ತದೆ. ಬರೆದು ಐದು ನಿಮಿಷ ಬಿಟ್ಟು ನೋಡಬೇಕಿತ್ತು ಅಷ್ಟೇ. ಬಿಟ್ಟು ನೋಡಿದಾಗ 10000 ಕಂಡಿತು. ಇನ್ಫೋ ಪುಟವನ್ನು ಆಗಲೇ ಅಳಿಸಿದೆ. ಅದನ್ನು ಬಯಲಲ್ಲಿ ಬಿಡಬಾರದು.

ಹತ್ತು ಐಟಂ ವಾಪಸ್ ಸೇರಿಸಿ ಸೇವ್ ಒತ್ತಿದೆ. ಚಕ್ರ ತಿರುಗಿ ತಿರುಗಿ 504 ಗೇಟ್‌ವೇ ಟೈಮ್‌ಔಟ್, ಅಂದರೆ ಸಮಯದೊಳಗೆ ಉತ್ತರ ಬರಲಿಲ್ಲ.

ಇದಕ್ಕೆ ಕಾರಣ ಬೇರೆ. ಮೆನುವಿನ ಪ್ರತಿ ಐಟಂ ಒಂದು ಪೋಸ್ಟ್. ಅದರ ಹಿಂದೆ 8 ಮೆಟಾ ಸಾಲು. ಹೊಸ 20 ಸೇರಿ 411 ಐಟಂಗೆ 3,288 ಸಾಲು. ನೀವು ಒಂದೇ ಐಟಂನ ಕಾಗುಣಿತ ತಿದ್ದಿದರೂ ಸೇವ್ ಒತ್ತಿದಾಗ ಅಷ್ಟನ್ನೂ ಮುಟ್ಟಿಕೊಂಡು ಬರುತ್ತದೆ. ಸಾಲದ್ದಕ್ಕೆ ಸೈಟ್‌ನಲ್ಲಿದ್ದ ಕ್ಯಾಶ್ ಪ್ಲಗಿನ್ (ಪುಟಗಳ ಸಿದ್ಧ ಪ್ರತಿ ಇಟ್ಟುಕೊಳ್ಳುವುದು) ಪ್ರತಿ ಪೋಸ್ಟ್ ಸೇವ್ ಆದಾಗಲೂ ಕ್ಯಾಶ್ ಒರೆಸುತ್ತಿತ್ತು. ಅದನ್ನು ಆಫ್ ಮಾಡಿದ ಮೇಲೆ ಸೇವ್ ಹೇಗೋ ಮುಗಿಯಿತು. ಆದರೂ ಚಹಾ ಕುಡಿದು ಬರುವಷ್ಟು ಹೊತ್ತು.

504 ಬಂದಾಗ ಮತ್ತೆ ಸೇವ್ ಒತ್ತಬೇಡಿ. ಬ್ರೌಸರ್ ಕೈಬಿಟ್ಟಿದ್ದರೂ ಹಿಂದೆ ಪಿಎಚ್‌ಪಿ ಕೆಲಸ ನಡೆಸುತ್ತಲೇ ಇರಬಹುದು. ನಾನು ಮತ್ತೆ ಒತ್ತಿದೆ. ಎರಡು ಸೇವ್ ಒಂದರ ಮೇಲೊಂದು ಓಡಿ ಅರ್ಧ ಮೆನುವಿನ ಕ್ರಮ ಕಲಸುಮೇಲೋಗರ ಆಯಿತು. ವಿಜ್ಞಾನ ವಿಭಾಗದ ಕೆಳಗೆ ವಾಣಿಜ್ಯದ ಉಪನ್ಯಾಸಕರು. ಮಾಡಿಟ್ಟ ಬ್ಯಾಕಪ್ ಇಲ್ಲಿ ಕೆಲಸಕ್ಕೆ ಬಂತು.

4. ಲ್ಯಾಪ್‌ಟಾಪಿನಲ್ಲಿ ಅಪ್‌ಡೇಟ್

ಈ ಫೀಲ್ಡ್ ಮಿತಿಯ ತೊಂದರೆಗೆ ವರ್ಡ್‌ಪ್ರೆಸ್ 4.5.3ರಲ್ಲೇ ಪರಿಹಾರ ಬಂದಿದೆ. ಆ ಆವೃತ್ತಿಯಿಂದ ಇಡೀ ಮೆನುವನ್ನು ಜೇಸನ್ (ಒಂದೇ ಉದ್ದ ಪಠ್ಯ) ಆಗಿ ಒಂದೇ ಅಡಗಿದ ಫೀಲ್ಡ್‌ನಲ್ಲಿ ಕಳಿಸಿ, ಸರ್ವರ್‌ನಲ್ಲಿ ಬಿಚ್ಚಿಕೊಳ್ಳುತ್ತದೆ. ಮತ್ತೆ ನಮ್ಮಲ್ಲಿ ಯಾಕೆ ಹೀಗಾಯಿತು? ಸೈಟ್ ಕಟ್ಟಿದ್ದು 4.4ರಲ್ಲಿ. ತಾನಾಗಿ ಬರುವ ಅಪ್‌ಡೇಟ್ ಚಿಕ್ಕ ಆವೃತ್ತಿಗಳಿಗೆ ಮಾತ್ರ, ಅಂದರೆ 4.4 ಸಾಲಿನ ಒಳಗೇ. ದೊಡ್ಡ ಅಪ್‌ಡೇಟ್ ಬಟನ್ ಒತ್ತಲು ಯಾರಿಗೂ ಧೈರ್ಯ ಇರಲಿಲ್ಲ. ಒತ್ತಿದರೆ ಥೀಮ್ ಹೋಗುತ್ತೆ ಅಂತ ಯಾರೋ ಹೇಳಿದ್ದರಂತೆ. ಆ ಮಾತು ಪೂರ್ತಿ ಸುಳ್ಳಲ್ಲ.

ಕ್ಸ್ಯಾಂಪ್‌ನಲ್ಲಿ ಸೈಟಿನ ನಕಲು ಇಳಿಸಿದೆ. ಇಲ್ಲಿ ಕ್ರಮ ಮುಖ್ಯ. ಇಂದಿನ ವರ್ಡ್‌ಪ್ರೆಸ್ ಪಿಎಚ್‌ಪಿ 5.6ರಂಥ ಹಳೆಯದರಲ್ಲಿ ಕೂರುವುದಿಲ್ಲ, ಹಳೆ 4.4 ಪಿಎಚ್‌ಪಿ 8ರಲ್ಲಿ ಏಳುವುದಿಲ್ಲ. ಹಾಗಾಗಿ ಮೊದಲು ಪಿಎಚ್‌ಪಿ 7.4, ಆಮೇಲೆ ವರ್ಡ್‌ಪ್ರೆಸ್ ಅಪ್‌ಡೇಟ್, ಕೊನೆಗೆ ಪಿಎಚ್‌ಪಿ 8. 7.4ರವರೆಗೆ ಎಚ್ಚರಿಕೆಗಳು ಮಾತ್ರ ಬಂದವು. 8ಕ್ಕೆ ಹೋದ ಕೂಡಲೇ ಬಿಳಿ ಪುಟ.

ತಪ್ಪು ಇದ್ದದ್ದು ಥೀಮ್‌ನ ಮೆನು ವಾಕರ್‌ನಲ್ಲಿ, ಅಂದರೆ ಮೆನುವನ್ನು ಪುಟದಲ್ಲಿ ಬರೆದು ತೋರಿಸುವ ಕೋಡ್‌ನಲ್ಲಿ. ಮೆನುವಿಗೆ ಬಾಣದ ಗುರುತು ಹಾಕಲು ಹಳಬರು ಸ್ವಂತ ವಾಕರ್ ಕ್ಲಾಸ್ ಬರೆದಿದ್ದರು. ಅದರ ಸ್ಟಾರ್ಟ್ ಇಎಲ್ ಫಂಕ್ಷನ್‌ಗೆ ನಾಲ್ಕೇ ಪ್ಯಾರಾಮೀಟರ್. ವರ್ಡ್‌ಪ್ರೆಸ್‌ನ ಮೂಲ ಫಂಕ್ಷನ್‌ಗೆ ಐದು. ಪಿಎಚ್‌ಪಿ 7ರಲ್ಲಿ ಇದು ಎಚ್ಚರಿಕೆ, 8ರಲ್ಲಿ ಫೇಟಲ್. ಐದನೆಯದನ್ನು ಸೊನ್ನೆ ಡೀಫಾಲ್ಟ್ ಕೊಟ್ಟು ಸೇರಿಸಿದೆ, ಮೂರನೆಯದಕ್ಕೂ ನಾಲ್ಕನೆಯದಕ್ಕೂ ಡೀಫಾಲ್ಟ್ ಹಾಕಿದೆ. ಪುಟ ಎದ್ದಿತು. ಹಳೆ ಥೀಮ್ ಇಟ್ಟುಕೊಂಡು ಪಿಎಚ್‌ಪಿ ಏರಿಸುವವರು ಮೊದಲು ಇಲ್ಲಿ ನೋಡಿ.

ಇದನ್ನು ಲೈವ್‌ಗೆ ಏರಿಸಿ ಮೆನು ಸೇವ್ ಮಾಡಿದರೆ 413. ಬಂದ ಮಾಹಿತಿ ತೀರಾ ದೊಡ್ಡದು ಅಂತ. ಹೋಸ್ಟ್‌ನ ಸಪೋರ್ಟ್‌ಗೆ ಬರೆದು ಕೇಳಿದಾಗ ತಿಳಿದದ್ದು: ಸರ್ವರ್‌ನಲ್ಲಿ ಮಾಡ್‌ಸೆಕ್ಯುರಿಟಿ ಫೈರ್‌ವಾಲ್ ಇದೆ. ಫೈಲ್ ಬಿಟ್ಟು ಉಳಿದ ಫಾರಂ ಮಾಹಿತಿಗೆ ಅದರ ಮಾದರಿ ಸೆಟ್ಟಿಂಗ್‌ನಲ್ಲಿರುವ ಮಿತಿ 131072 ಬೈಟ್, ಅಂದರೆ 128 ಕೆಬಿ. ನಮ್ಮ ಮೆನು ಅದನ್ನು ಸಲೀಸಾಗಿ ದಾಟುತ್ತಿತ್ತು. ಯುಟಿಎಫ್ 8 ಅನ್ನುವ ಅಕ್ಷರ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಹಾಗಾಗಿ ಅಷ್ಟೇ ಐಟಂ ಇರುವ ಇಂಗ್ಲಿಷ್ ಮೆನುಗಿಂತ ನಮ್ಮದು ಬೇಗ ತುಂಬುತ್ತದೆ. ಅವರು ಮಿತಿ ಏರಿಸಿಕೊಟ್ಟರು.

ಒಂದು ಮಿತಿ ಏರಿಸಿದರೆ ಅದರ ಹಿಂದೆ ಇನ್ನೊಂದು ಕಾದಿರುತ್ತದೆ ಅಂತ ಇಲ್ಲಿಗೆ ಖಾತ್ರಿ ಆಯಿತು. ಸೇವ್ ಈಗ ಆಗುತ್ತದೆ ನಿಜ. ಮುಂದಿನ ವರ್ಷ ಇನ್ನೊಂದು 60 ಪಿಡಿಎಫ್ ಬರುತ್ತದೆ, ಆಗ? ಮೆನುವನ್ನೇ ಇಳಿಸಬೇಕು.

5. ಮೆನುವನ್ನು ಶೀಟ್‌ಗೆ ತಂದದ್ದು

ಇಷ್ಟು ಐಟಂಗಳನ್ನು ಮೆನು ಪರದೆಯಲ್ಲಿ ಎಳೆದಾಡಿ ಅರ್ಥ ಮಾಡಿಕೊಳ್ಳಲು ಆಗುವುದಿಲ್ಲ. ಮೇಲಿನದನ್ನು ಕೆಳಗೆ ಎಳೆಯುವಾಗ ಪುಟ ತಾನೂ ಉರುಳುತ್ತದೆ, ಕೈ ಜಾರಿದರೆ ಐಟಂ ಯಾರದೋ ಮಗುವಾಗಿ ಕೂರುತ್ತದೆ. ಡಬ್ಲ್ಯುಪಿ ಸಿಎಲ್‌ಐನಲ್ಲಿ ಮೆನು ಐಟಂ ಲಿಸ್ಟ್ ಕಮಾಂಡ್ ಇದೆ. ಫಾರ್ಮ್ಯಾಟ್ ಸಿಎಸ್‌ವಿ ಅಂತ ಕೊಟ್ಟರೆ ಇಡೀ ಮೆನು ಒಂದು ಫೈಲ್. ಸುಮ್ಮನೆ ಕೊಟ್ಟರೆ ಐಡಿ, ಬಗೆ, ಹೆಸರು, ಕೊಂಡಿ, ಸ್ಥಾನ ಇಷ್ಟೇ ಬರುತ್ತವೆ. ತಾಯಿ ಐಟಂನ ಐಡಿ ಬೇಕಿದ್ದರೆ ಫೀಲ್ಡ್ಸ್ ಪಟ್ಟಿಯಲ್ಲಿ ಕೇಳಿ ತರಿಸಿಕೊಳ್ಳಬೇಕು. ಅದಿಲ್ಲದೆ ಯಾವುದು ಯಾವುದರ ಕೆಳಗೆ ಅಂತ ಗೊತ್ತಾಗುವುದಿಲ್ಲ. ಕಮಾಂಡ್ ಓಡಿಸಲು ಬೇಕಾದ ಎಸ್‌ಎಸ್‌ಎಚ್ ಸಿಗಲು ಹೋಸ್ಟಿಂಗ್ ಪ್ಲಾನ್ ಒಂದು ಮೆಟ್ಟಿಲು ಏರಿಸಬೇಕಾಯಿತು. ಈ ಇಡೀ ಕೆಲಸದಲ್ಲಿ ದುಡ್ಡು ಖರ್ಚಾಗಿದ್ದು ಇದೊಂದಕ್ಕೇ, ವರ್ಷಕ್ಕೆ 1,400 ರೂಪಾಯಿ ಜಾಸ್ತಿ.

ಫೈಲನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿದರೆ ಕನ್ನಡವೆಲ್ಲ ವಕ್ರ ಅಕ್ಷರ. ಲಿಬ್ರೆ ಆಫೀಸ್ ತೆರೆಯುವಾಗಲೇ ಅಕ್ಷರ ಸಂಕೇತ ಕೇಳುತ್ತದೆ, ಯುಟಿಎಫ್ 8 ಆರಿಸಿದರೆ ಸರಿ.

ಹೆಸರುಗಳು ಸರಿಯಾದವು, ಆದರೆ ಕೊಂಡಿಯ ಕಾಲಂ ತುಂಬಾ ಶೇಕಡಾ ಚಿಹ್ನೆ. ಕನ್ನಡ ಶೀರ್ಷಿಕೆ ಕೊಟ್ಟರೆ ವರ್ಡ್‌ಪ್ರೆಸ್ ಪುಟದ ವಿಳಾಸವನ್ನೂ ಕನ್ನಡದಲ್ಲೇ ಮಾಡುತ್ತದೆ, ಉಳಿಸುವುದು ಮಾತ್ರ ಶೇಕಡಾ ಸಂಕೇತದಲ್ಲಿ. ಒಂದೊಂದು ಕನ್ನಡ ಸಂಕೇತಕ್ಕೂ 9 ಅಕ್ಷರ ಖರ್ಚು. ವಿಳಾಸಕ್ಕೆ ಇರುವ ಜಾಗ 200. ಅಂದರೆ 22 ಸಂಕೇತ. ಒತ್ತಕ್ಷರ, ಕೊಂಬು, ಗುಡಿಸು ಎಲ್ಲ ಬೇರೆ ಬೇರೆ ಲೆಕ್ಕ. ನಮ್ಮ ‘ಗ್ರಂಥಾಲಯ ಮತ್ತು ಮಾಹಿತಿ ಕೇಂದ್ರ’ ಪುಟದ ವಿಳಾಸ ‘ಗ್ರಂಥಾಲಯ-ಮತ್ತು-ಮಾಹಿತಿ-ಕೇ’ ಅಂತ ನಿಂತುಬಿಟ್ಟಿತ್ತು. ಇದನ್ನು ಯಾರೋ ಕೈತಪ್ಪು ಅಂದುಕೊಂಡಿದ್ದರು. ಎಣಿಸಿ ನೋಡಿ, ‘ಕೇ’ವರೆಗೆ 192 ಆಗುತ್ತದೆ. ಮುಂದಿನ ಸೊನ್ನೆ (ಂ) ಸೇರಿದರೆ 201. ಅದಕ್ಕೇ ಅಲ್ಲಿ ಕತ್ತರಿ. ಒಂದೇ ಥರ ಶುರುವಾಗುವ ಉದ್ದ ಶೀರ್ಷಿಕೆಗಳು ಹೀಗೆ ಕತ್ತರಿಸಿಕೊಂಡು, ಬಾಲಕ್ಕೆ 2, 3, 4 ಅಂತ ಅಂಕಿ ಅಂಟಿಸಿಕೊಂಡು ಕೂತಿದ್ದವು. ಯಾವುದು ಯಾವ ವರ್ಷದ ವರದಿ ಅಂತ ವಿಳಾಸ ನೋಡಿ ಹೇಳುವ ಹಾಗಿರಲಿಲ್ಲ. ಇನ್ನು ಮುಂದೆ ಶೀರ್ಷಿಕೆ ಕನ್ನಡದಲ್ಲಿ, ವಿಳಾಸ ಮಾತ್ರ ಚಿಕ್ಕ ಇಂಗ್ಲಿಷ್ ಪದದಲ್ಲಿ ಅಂತ ತೀರ್ಮಾನ ಮಾಡಿದೆವು. ಭಾಷಾಭಿಮಾನಿಗಳು ಬೈಯಬಹುದು. ವಾಟ್ಸ್ಆ್ಯಪ್‌ನಲ್ಲಿ ಅಂಥ ಕೊಂಡಿ ಕಳಿಸಿ ನೋಡಿದವರು ಬೈಯುವುದಿಲ್ಲ.

ಶೀಟ್‌ನಲ್ಲಿ ಒಂದು ಕಾಲಂ ಸೇರಿಸಿ ಪ್ರತಿ ಸಾಲಿಗೂ ಗುರುತು ಹಾಕಿದೆ: ಇರಲಿ, ಸರಿಸು, ನಕಲು, ಸತ್ತ ಕೊಂಡಿ. 47 ನಕಲು. 19 ಸತ್ತವು. ‘ಮಾದರಿ ಪುಟ’ ಅಂತ ಒಂದು, ‘ಪರೀಕ್ಷೆ 1’ ಅಂತ ಇನ್ನೊಂದು ಮೇಲಿನ ಸಾಲಿನಲ್ಲೇ ಇದ್ದವು. ಇವು ಎಲ್ಲಿಂದ ಬಂದವು ಅಂತ ತಲೆ ಕೆರೆದುಕೊಂಡೆ. ಮೆನು ಪರದೆಯ ಕೆಳಗೆ ‘ಹೊಸ ಮೇಲ್ಮಟ್ಟದ ಪುಟಗಳನ್ನು ತಾನಾಗಿ ಸೇರಿಸು’ ಅನ್ನುವ ಟಿಕ್ ಇದೆ. ಅದು ಆನ್ ಆಗಿತ್ತು. ಯಾರು ಏನು ಪುಟ ಮಾಡಿ ಪ್ರಕಟಿಸಿದರೂ ಮೆನುವಿಗೆ ಬಂದು ಬೀಳುತ್ತಿತ್ತು. ದೊಡ್ಡ ಮೆನು ಇರುವ ಸೈಟಿನಲ್ಲಿ ಮೊದಲು ತೆಗೆಯಬೇಕಾದ ಟಿಕ್ ಅದು.

6. ಯಾವುದು ಉಳಿಯಬೇಕು

ಕೋಡ್‌ಗಿಂತ ಕಷ್ಟದ ಕೆಲಸ ಇದೇ.

ಮೆನು ಯಾಕೆ ಇಷ್ಟು ಬೆಳೆಯಿತು ಅಂದರೆ ನ್ಯಾಕ್. ನಾವು ವರದಿ ಸಲ್ಲಿಸಿದ ಪದ್ಧತಿಯಲ್ಲಿ ನ್ಯಾಕ್ ಮೌಲ್ಯಮಾಪನಕ್ಕೆ 7 ಕ್ರೈಟೀರಿಯಾ (ಮಾನದಂಡ) ಇದ್ದವು. ಪಠ್ಯಕ್ರಮದಿಂದ ಶುರುವಾಗಿ ಸಂಸ್ಥೆಯ ಮೌಲ್ಯಗಳವರೆಗೆ. ಒಂದೊಂದರ ಕೆಳಗೆ ಉಪವಿಭಾಗ, ಅದರ ಕೆಳಗೆ 3.4.3 ಥರದ ಮೆಟ್ರಿಕ್ ಸಂಖ್ಯೆ. ಪ್ರತಿಯೊಂದಕ್ಕೂ ದಾಖಲೆಯ ಪಿಡಿಎಫ್, ಅದರ ಕೊಂಡಿ ವರದಿಯಲ್ಲಿ ಕೊಡಬೇಕಿತ್ತು. ಇದು ಎಸ್‌ಎಸ್‌ಆರ್‌ಗೆ (ಕಾಲೇಜಿನ ಸ್ವಯಂ ಅಧ್ಯಯನ ವರದಿ) ಒಂದು ಸಲ, ಎಕ್ಯೂಎಆರ್‌ಗೆ ಪ್ರತಿ ವರ್ಷ. ಇದನ್ನೆಲ್ಲ ಮೆನುವಿನಲ್ಲೇ ಐದು ಹಂತ ಕೆಳಕ್ಕೆ ಇಳಿಸಿದ್ದರು. ಅಂಗಡಿಯ ಬೋರ್ಡ್ ಮೇಲೆ ಗೋದಾಮಿನ ಸ್ಟಾಕ್ ಪಟ್ಟಿ ಬರೆದ ಹಾಗೆ.

ಸಂಯೋಜಕಿಯ ಆತಂಕ ನ್ಯಾಯವಾದದ್ದೇ. ಪಿಯರ್ ಟೀಮ್ (ನ್ಯಾಕ್ ಕಳಿಸುವ ಪರಿಶೀಲನಾ ತಂಡ) ಬಂದಾಗ ಎಲ್ಲ ಕಣ್ಣೆದುರು ಇರಬೇಕು, ‘ಎಲ್ಲಿದೆ’ ಅಂತ ಅವರು ಹುಡುಕುವ ಹಾಗಾಗಬಾರದು. ವಾದ ಮಾಡಿ ಪ್ರಯೋಜನ ಇರಲಿಲ್ಲ. ಅವರ ಫೋನನ್ನೇ ಕೈಗೆ ಕೊಟ್ಟು, ಮೆನುವಿನಿಂದ ಹಿಂದಿನ ವರ್ಷದ 3.4.3 ತೆರೆಯಿರಿ ಅಂದೆ. ನ್ಯಾಕ್, ಎಕ್ಯೂಎಆರ್, ವರ್ಷ, ಕ್ರೈಟೀರಿಯಾ 3 ವರೆಗೆ ಹೋದರು. ಅಲ್ಲಿಂದ ಬಲಕ್ಕೆ ತೆರೆದ ಪಟ್ಟಿ ಪರದೆಯ ಆಚೆ ಹೋಯಿತು. ಆಮೇಲೆ ಲ್ಯಾಪ್‌ಟಾಪಿನಲ್ಲಿ ನಾನು ಮಾಡಿಟ್ಟಿದ್ದ ಮಾದರಿ ಪುಟ ತೋರಿಸಿದೆ. ಒಂದು ವರ್ಷಕ್ಕೆ ಒಂದೇ ಪುಟ, ಏಳು ಟೇಬಲ್. ಪ್ರತಿ ಸಾಲಿನಲ್ಲಿ ಮೆಟ್ರಿಕ್ ಸಂಖ್ಯೆ, ವಿವರ, ಪಿಡಿಎಫ್. ಬ್ರೌಸರ್‌ನ ಹುಡುಕು ಪೆಟ್ಟಿಗೆಯಲ್ಲಿ 3.4.3 ಒತ್ತಿದರೆ ನೇರ ಅದೇ ಸಾಲು. ‘ಹೀಗಿದ್ರೆ ನನಗೂ ಹಾಕೋದು ಸುಲಭ ಅಲ್ವಾ’ ಅಂದರು. ಒಪ್ಪಿಗೆ ಸಿಕ್ಕಿತು.

ಸಂಖ್ಯೆಯಿಂದ ಹುಡುಕುವ ದಾಖಲೆಗೆ ಟೇಬಲ್ ಸರಿ. ಹೆಸರಿನಿಂದ ಹುಡುಕುವ ಪುಟಕ್ಕೆ ಮೆನು ಸರಿ. ಯಾವುದು ಎಲ್ಲಿಗೆ ಅಂತ ಭಾಗ ಮಾಡುವಾಗ ನಾನು ಹಿಡಿದುಕೊಂಡದ್ದು ಇಷ್ಟೇ. ಸಿಪ್ಯಾನೆಲ್‌ನಲ್ಲಿ ಭೇಟಿಗಳ ಲೆಕ್ಕ ಇಡುವ ಎಡಬ್ಲ್ಯುಸ್ಟ್ಯಾಟ್ಸ್‌ನಲ್ಲೂ ನೋಡಿದೆ. ಜನ ತೆರೆಯುತ್ತಿದ್ದುದು ಪ್ರವೇಶಾತಿ, ಪರೀಕ್ಷಾ ವೇಳಾಪಟ್ಟಿ, ಫೀಸು, ಸಿಬ್ಬಂದಿ, ಸಂಪರ್ಕ. ಇವೇ ಮೆನುವಿನ ಬಾಲದಲ್ಲೂ ಹೊಟ್ಟೆಯೊಳಗೂ ಹೂತುಹೋಗಿದ್ದವು.

ಟೇಬಲ್‌ಗಳನ್ನು ಲಿಬ್ರೆ ಆಫೀಸ್‌ನಲ್ಲೇ ಮಾಡಿ ಬ್ಲಾಕ್ ಎಡಿಟರ್‌ಗೆ ಪೇಸ್ಟ್ ಮಾಡಿದೆವು. ಪೇಸ್ಟ್ ಮಾಡಿದ ಕೂಡಲೇ ಟೇಬಲ್ ಬ್ಲಾಕ್ ಆಗುತ್ತದೆ. ವರ್ಷದ ಪುಟಗಳೆಲ್ಲ ‘ನ್ಯಾಕ್’ ಅನ್ನುವ ಒಂದು ತಾಯಿ ಪುಟದ ಮಕ್ಕಳು. ತಾಯಿ ಪುಟದ ಟೆಂಪ್ಲೇಟ್‌ನಲ್ಲಿ ಡಬ್ಲ್ಯುಪಿ ಲಿಸ್ಟ್ ಪೇಜಸ್ ಫಂಕ್ಷನ್ ಹಾಕಿ ಮಕ್ಕಳ ಪಟ್ಟಿ ತಾನಾಗಿ ಬರುವಂತೆ ಮಾಡಿದೆ. ಮುಂದಿನ ವರ್ಷ ಪುಟ ಮಾಡಿ ತಾಯಿಯನ್ನು ಆರಿಸಿದರೆ ಸಾಕು, ಮೆನು ಮುಟ್ಟಬೇಕಿಲ್ಲ.

7. ಮುರಿದ ಕೊಂಡಿಗಳು

ಪಿಡಿಎಫ್‌ಗಳ ವಿಳಾಸಕ್ಕೆ ಮೆನುವಿನ ಹಂಗಿಲ್ಲ. ಅವು ಅಪ್‌ಲೋಡ್ಸ್ ಫೋಲ್ಡರ್‌ನಲ್ಲಿ ವರ್ಷ, ತಿಂಗಳ ಕೆಳಗೆ ಇರುತ್ತವೆ. ಮೆನುವಿನಿಂದ ತೆಗೆದರೂ ವರದಿಯಲ್ಲಿ ಕೊಟ್ಟ ಕೊಂಡಿ ನಡೆಯುತ್ತದೆ. ಇಷ್ಟು ಖಚಿತ ಮಾಡಿಕೊಂಡು ಧೈರ್ಯವಾಗಿ ಮುಂದುವರಿದೆ.

ಪುಟಗಳ ಕಥೆ ಹಾಗಲ್ಲ. ಹಳೆಯ ಸುಮಾರು ಮೂವತ್ತು ಪುಟಗಳನ್ನು ‘ನ್ಯಾಕ್’ ಪುಟದ ಕೆಳಗೆ ಸರಿಸಿದ ಕೂಡಲೇ ಅವುಗಳ ವಿಳಾಸಕ್ಕೆ ತಾಯಿಯ ಹೆಸರು ಸೇರಿತು. ಹಳೆ ವಿಳಾಸ 404, ಅಂದರೆ ಪುಟ ಇಲ್ಲ. ಪೋಸ್ಟ್ ಹೆಸರು ಬದಲಿಸಿದರೆ ವರ್ಡ್‌ಪ್ರೆಸ್ ಹಳೆ ವಿಳಾಸ ನೆನಪಿಟ್ಟುಕೊಂಡು ಹೊಸದಕ್ಕೆ ಕಳಿಸುತ್ತದಲ್ಲ, ಪುಟಗಳಿಗೂ ಅದೇ ಆಗುತ್ತದೆ ಎಂದುಕೊಂಡಿದ್ದೆ. ಆ ಸೌಲಭ್ಯ ತಾಯಿ-ಮಗು ಸಂಬಂಧ ಇಲ್ಲದ ಬಗೆಗಳಿಗೆ ಮಾತ್ರ. ಪುಟಗಳಿಗೆ ಇಲ್ಲ. ಈಗಾಗಲೇ ಸಲ್ಲಿಸಿದ ಎಸ್‌ಎಸ್‌ಆರ್‌ನಲ್ಲಿದ್ದ ಕೊಂಡಿಗಳಲ್ಲಿ ಕೆಲವು ಇವೇ ಪುಟಗಳದ್ದು. ಇದನ್ನು ತಡಮಾಡುವ ಹಾಗಿರಲಿಲ್ಲ.

ಎಚ್‌ಟಿ ಆಕ್ಸೆಸ್‌ನಲ್ಲಿ 301 ರೀಡೈರೆಕ್ಟ್ (ಹಳೆ ವಿಳಾಸದಿಂದ ಹೊಸದಕ್ಕೆ ಕಳಿಸುವ ನಿಯಮ) ಬರೆದೆ. ಇಂಗ್ಲಿಷ್ ವಿಳಾಸದ ಪುಟಗಳು ತಕ್ಷಣ ಸರಿಯಾದವು. ಕನ್ನಡ ವಿಳಾಸದವು ಆಗಲಿಲ್ಲ. ಬ್ರೌಸರ್‌ನಿಂದ ನಕಲು ಮಾಡಿದ ಶೇಕಡಾ ಸಂಕೇತವನ್ನೇ ನಿಯಮದಲ್ಲಿ ಹಾಕಿದ್ದೆ. ಅಪಾಚೆ ವಿಳಾಸವನ್ನು ಮೊದಲು ಬಿಚ್ಚಿ, ಆಮೇಲೆ ನಿಯಮಕ್ಕೆ ಹೋಲಿಸುತ್ತದೆ. ಹಾಗಾಗಿ ಹಳೆ ವಿಳಾಸದ ಕಡೆ ನೇರ ಕನ್ನಡ ಅಕ್ಷರಗಳನ್ನೇ ಬರೆದು ಫೈಲನ್ನು ಯುಟಿಎಫ್ 8ರಲ್ಲಿ ಉಳಿಸಬೇಕು. ಹಾಗೆ ಬರೆದೆ, ಎಲ್ಲ ಸರಿಹೋದವು. ನಿಯಮಗಳನ್ನು ವರ್ಡ್‌ಪ್ರೆಸ್‌ನ ಬಿಗಿನ್, ಎಂಡ್ ಸಾಲುಗಳ ಒಳಗೆ ಹಾಕಬೇಡಿ, ಅದು ಆ ಭಾಗವನ್ನು ತಿರುಗಿ ಬರೆಯುತ್ತದೆ. ಮೇಲೆ ಹಾಕಿ.

8. ಹೊಸ ಮೆನು

ಹಳೆ ಮೆನುವನ್ನು ತಿದ್ದಲಿಲ್ಲ. ಪಕ್ಕದಲ್ಲಿ ಹೊಸದು ಕಟ್ಟಿದೆ. ಶೀಟ್‌ನಲ್ಲಿ ‘ಇರಲಿ’ ಅಂದವುಗಳನ್ನು ಸಿಎಸ್‌ವಿ ಮಾಡಿ, ಚಿಕ್ಕ ಶೆಲ್ ಸ್ಕ್ರಿಪ್ಟ್‌ನಿಂದ ಸಾಲು ಸಾಲಾಗಿ ಮೆನು ಐಟಂ ಆ್ಯಡ್ ಪೋಸ್ಟ್ ಕಮಾಂಡ್ ಓಡಿಸಿದೆ. ಮೊದಲ ಸಲ ಎಲ್ಲ ಮಕ್ಕಳೂ ಮೇಲಿನ ಸಾಲಿಗೇ ಬಂದು, ಮೆನುವಿನ ಕೊನೆಯಲ್ಲಿ ಸಾಲಾಗಿ ನಿಂತವು. ಪೇರೆಂಟ್ ಐಡಿ ಅನ್ನುವ ಕಡೆ ಪುಟದ ಐಡಿ ಕೊಟ್ಟಿದ್ದೆ. ಅಲ್ಲಿ ಬೇಕಾದದ್ದು ತಾಯಿ ಪುಟದ ಐಡಿ ಅಲ್ಲ, ಮೆನುವಿನೊಳಗಿನ ತಾಯಿ ಐಟಂನ ಐಡಿ. ತಾಯಿ ಸಿಗದ ಐಟಂಗಳನ್ನು ವರ್ಡ್‌ಪ್ರೆಸ್ ಬಿಸಾಡುವುದಿಲ್ಲ, ಕೊನೆಗೆ ತಂದು ತೋರಿಸುತ್ತದೆ. ಕಮಾಂಡ್‌ಗೆ ಪೋರ್ಸಲೇನ್ ಆಯ್ಕೆ ಕೊಟ್ಟರೆ ಸೇರಿಸಿದ ಐಟಂನ ಐಡಿಯನ್ನಷ್ಟೇ ವಾಪಸ್ ಕೊಡುತ್ತದೆ. ಅದನ್ನು ಹಿಡಿದಿಟ್ಟುಕೊಂಡು ಮಕ್ಕಳಿಗೆ ದಾಟಿಸಿದರೆ ಆಯಿತು.

ಮೇಲಿನ ಸಾಲಿನಲ್ಲಿ ಆರು: ನಮ್ಮ ಕಾಲೇಜು, ಪ್ರವೇಶಾತಿ, ವಿಭಾಗಗಳು, ವಿದ್ಯಾರ್ಥಿಗಳಿಗೆ, ನ್ಯಾಕ್, ಸಂಪರ್ಕ. ಕೆಳಗೆ ಒಟ್ಟು 32. ಎರಡೇ ಹಂತ. ಆರ್‌ಟಿಐ, ರ‍್ಯಾಗಿಂಗ್ ತಡೆ ಸಮಿತಿಯಂಥ ಕಡ್ಡಾಯ ಪುಟಗಳು ಮೆನುವಿನಲ್ಲೂ ಇವೆ, ಫೂಟರ್‌ನಲ್ಲೂ ಇವೆ. ಇದೊಂದು ಕಡೆ ನಕಲು ಇರಲಿ ಅಂತ ಪ್ರಾಂಶುಪಾಲರು ಹೇಳಿದರು. ಸರಿಯೇ.

ಮೆನು ಲೊಕೇಷನ್ ಅಸೈನ್ ಕಮಾಂಡ್‌ನಿಂದ ಹೊಸದನ್ನು ಮುಖ್ಯ ಜಾಗಕ್ಕೆ ಕೂರಿಸಿದೆ. ಒಂದು ಸೆಕೆಂಡಿನ ಕೆಲಸ. ಏನಾದರೂ ಕೆಟ್ಟರೆ ಅದೇ ಕಮಾಂಡ್‌ನಿಂದ ಹಳೆಯದಕ್ಕೆ ವಾಪಸ್ ಹೋಗಬಹುದು. ಹಳೆ ಮೆನುವನ್ನು ಸದ್ಯ ಅಳಿಸಿಲ್ಲ.

ಮುಖಪುಟದ ಎಚ್‌ಟಿಎಂಎಲ್ ತೂಕ 214 ಕೆಬಿಯಿಂದ 63 ಕೆಬಿಗೆ ಬಂತು. ಮೊದಲು ಪ್ರತಿ ಪುಟದಲ್ಲೂ ಆ ನಾನೂರು ಚಿಲ್ಲರೆ ಕೊಂಡಿ ಅಚ್ಚಾಗುತ್ತಿದ್ದವಲ್ಲ. ಮೆನು ಸೇವ್ ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ.

9. ಫೋನ್‌ನಲ್ಲಿ

ಹಳೆ ಮೆನುವಿನಲ್ಲಿ ತಾಯಿ ಐಟಂ ಒತ್ತಿದರೆ ಕೆಳಗಿನ ಪಟ್ಟಿ ತೆರೆಯುವ ಬದಲು ನೇರ ಪುಟಕ್ಕೆ ಹೋಗುತ್ತಿತ್ತು. ವಾಕರ್ ಹೇಗೂ ಬಿಚ್ಚಿದ್ದೆ. ಹೆಸರಿನ ಪಕ್ಕದಲ್ಲಿ ಬೇರೆ ಬಟನ್ ಇಟ್ಟು ಅದಕ್ಕೆ 44 ಪಿಕ್ಸೆಲ್ ಅಗಲ ಕೊಟ್ಟೆ. ಪಟ್ಟಿ ತೆರೆದಿದೆಯೇ ಇಲ್ಲವೇ ಅಂತ ಸ್ಕ್ರೀನ್ ರೀಡರ್ ಬಳಸುವವರಿಗೆ ತಿಳಿಯಲು ಆರಿಯಾ ಎಕ್ಸ್‌ಪಾಂಡೆಡ್ ಹಾಕಿದೆ. ‘ವಿದ್ಯಾರ್ಥಿಗಳಿಗೆ’ ಪದ ಚಿಕ್ಕ ಫೋನಿನಲ್ಲಿ ಎರಡು ಸಾಲಾಗಿ, ಗಿಡ್ಡ ಲೈನ್ ಹೈಟ್‌ನಿಂದ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತಿತ್ತು. ಇಂಗ್ಲಿಷ್‌ಗೆ ಅಂತ ಬರೆದ ಥೀಮ್‌ಗಳಲ್ಲಿ ಇದು ಮಾಮೂಲು. 1.2 ಇದ್ದದ್ದನ್ನು 1.6 ಮಾಡಿದೆ.

10. ಇನ್ನು ಯಾರು ಮುಟ್ಟಬಹುದು

ಮೊದಲು ಎಲ್ಲರಿಗೂ ಅಡ್ಮಿನ್ ಲಾಗಿನ್ ಇತ್ತು, ಅದೂ ಒಂದೇ ಪಾಸ್‌ವರ್ಡ್. ಈಗ ಸಂಯೋಜಕಿಗೂ ಇಬ್ಬರು ಉಪನ್ಯಾಸಕರಿಗೂ ಎಡಿಟರ್ ಖಾತೆ. ಎಡಿಟರ್ ಪುಟ ಬರೆಯಬಹುದು, ಪಿಡಿಎಫ್ ಏರಿಸಬಹುದು, ಟೇಬಲ್ ತಿದ್ದಬಹುದು. ಮೆನು ಪರದೆ ಮಾತ್ರ ಅವರಿಗೆ ಕಾಣುವುದೇ ಇಲ್ಲ, ಅದಕ್ಕೆ ಅಡ್ಮಿನ್ ಹಕ್ಕು ಬೇಕು. ಇದಕ್ಕೆ ಬೇರೆ ಪ್ಲಗಿನ್ ಬೇಡ. ಮೆನುವಿಗೆ ಹೊಸದು ಸೇರಿಸಬೇಕಿದ್ದರೆ ಶೀಟ್‌ನಲ್ಲಿ ಒಂದು ಸಾಲು ಬರೆದು ಕಳಿಸುತ್ತಾರೆ. ‘ಇದು ಯಾವುದರ ಕೆಳಗೆ’ ಅನ್ನುವ ಕಾಲಂ ತುಂಬಲೇಬೇಕು ಅಂತ ಮಾಡಿದ್ದೇವೆ. ಅದನ್ನು ತುಂಬಲು ಕೂತಾಗ ಅರ್ಧ ಬೇಡಿಕೆಗಳು ಬೇರೆ ಯಾವುದೋ ಪುಟದೊಳಗಿನ ಸಾಲು ಅಂತ ಅವರಿಗೇ ಗೊತ್ತಾಗುತ್ತಿದೆ.

ಉಳಿದಿರುವುದು: ಇಂಗ್ಲಿಷ್ ಪುಟಗಳ ಮೆನು ಇನ್ನೂ ಹಳೆಯದೇ, 140 ಐಟಂ. ಅದರ ಸಿಎಸ್‌ವಿ ತೆಗೆದಿಟ್ಟಿದ್ದೇನೆ. ಯೂಸರ್ ಡಾಟ್ ಐಎನ್‌ಐನಲ್ಲಿ ಏರಿಸಿದ 10000 ಇನ್ನು ಬೇಕಿಲ್ಲ, ಇಂಗ್ಲಿಷ್ ಮೆನುವಿನ ಕೆಲಸ ಮುಗಿದ ಮೇಲೆ ತೆಗೆಯಬೇಕು.